ಸ್ಕೂಲಿಗಾಗಿ ಕೊಂಡ ಮನೆ, ನಿದ್ದೆಗೆಟ್ಟ ಮಕ್ಕಳು

ನ್ಯೂಜೆರ್ಸಿ ಎಂಬ ಹೆಸರು ಮೈಸೂರಿನ ಕುವೆಂಪುನಗರ, ಸರಸ್ವತೀಪುರಂ, ಜಯಲಕ್ಷ್ಮೀಪುರಂ ಕಡೆ ಈಗ ಪಕ್ಕದ ತಾಲ್ಲೂಕಿನ ಹೆಸರಿನಷ್ಟೇ ಸಲೀಸು. ಮಗ ಅಲ್ಲಿ, ಸೊಸೆ ಅಲ್ಲಿ, ಮೊಮ್ಮಕ್ಕಳು ಅಲ್ಲಿಯ ಹೈಸ್ಕೂಲಿನಲ್ಲಿ. ವೀಸಾ ಸಿಕ್ಕಾಗ ಆರು ತಿಂಗಳು ಹೋಗಿ ಇದ್ದು ಬರುವ ಹಿರಿಯರು ಊರಿಗೆ ಮರಳಿದ ಮೇಲೆ ಎರಡು ಸಂಗತಿ ಹೇಳುತ್ತಾರೆ. "ಗೌರ್ಮೆಂಟ್ ಸ್ಕೂಲು ಕಣ್ರೀ, ಒಂದು ಕಾಸು ಫೀಸಿಲ್ಲ" ಎಂಬುದು ಒಂದು. "ಹುಡುಗಿ ರಾತ್ರಿ ಒಂದು ಗಂಟೆ ತನಕ ದೀಪ ಆರಿಸೋದೇ ಇಲ್ಲ" ಎಂಬುದು ಇನ್ನೊಂದು.

ಎರಡೂ ನಿಜ. ಫೀಸಿಲ್ಲದ ಸರ್ಕಾರಿ ಶಾಲೆಗೆ ಮಕ್ಕಳನ್ನು ಸೇರಿಸಲೆಂದೇ ಲಕ್ಷಗಟ್ಟಲೆ ಡಾಲರು ಸಾಲ ಮಾಡಿ ಮನೆ ಕೊಳ್ಳುವ ಊರುಗಳು ಅಲ್ಲಿವೆ. ಅಂಥದೇ ಊರಿನ ಮಕ್ಕಳು ಓದಿನ ಭಾರಕ್ಕೆ ಕುಗ್ಗಿ ಆಸ್ಪತ್ರೆ ಸೇರಿದ್ದೂ ಇದೆ. 2015ರಲ್ಲಿ ಅಂಥ ಒಂದು ಊರಿನಲ್ಲಿ ಶಾಲೆಯ ಮುಖ್ಯಾಧಿಕಾರಿಯೇ "ಸಾಕು, ಇನ್ನು ಮಕ್ಕಳ ತಲೆಯ ಮೇಲಿನ ಹೊರೆ ಇಳಿಸೋಣ" ಎಂದು ಹೊರಟಾಗ, "ಇಳಿಸಬೇಡಿ" ಎಂದು ಅಡ್ಡ ನಿಂತವರು ಹೆತ್ತವರೇ. ಅವರಲ್ಲಿ ಬಹಳ ಮಂದಿ ಭಾರತ, ಚೀನಾಗಳಿಂದ ಹೋದವರು. ಹೀಗಾಗಿ ಇದು ಕಡಲಾಚೆಯ ಸುದ್ದಿ ಹೌದಾದರೂ ನಮ್ಮ ಮನೆಯೊಳಗಿನ ಸುದ್ದಿಯೂ ಹೌದು.

ಹಸು ಮೇಯುತ್ತಿದ್ದ ಜಾಗ

ನ್ಯೂಯಾರ್ಕ್ ನಗರದಿಂದ ನೈರುತ್ಯಕ್ಕೆ ಎಂಬತ್ತು ಕಿಲೋಮೀಟರ್ ಆಸುಪಾಸು, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡ ಹಾಗೆ ಎರಡು ಊರುಗಳಿವೆ: ವೆಸ್ಟ್ ವಿಂಡ್ಸರ್ ಮತ್ತು ಪ್ಲೇನ್ಸ್‌ಬರೊ. ಒಂದು ಮರ್ಸರ್ ಕೌಂಟಿಗೆ ಸೇರಿದ್ದು, ಇನ್ನೊಂದು ಮಿಡ್ಲ್‌ಸೆಕ್ಸ್ ಕೌಂಟಿಗೆ. ಕಂದಾಯದ ಗಡಿ ಬೇರೆ ಬೇರೆಯಾದರೂ ಶಾಲೆಯ ಮಟ್ಟಿಗೆ ಎರಡೂ ಒಂದೇ.

ಒಂದು ಕಾಲಕ್ಕೆ ಇಲ್ಲಿದ್ದದ್ದು ಹೊಲ, ಆಲೂಗೆಡ್ಡೆ, ಹಸು. ಪ್ಲೇನ್ಸ್‌ಬರೊದ ವಾಕರ್-ಗಾರ್ಡನ್ ಡೇರಿಯಲ್ಲಿ 1930ರಲ್ಲಿ ಒಂದು ತಿರುಗುವ ಕಟ್ಟೆ ಕಟ್ಟಿದರು. ಐವತ್ತು ಹಸುಗಳು ಒಟ್ಟಿಗೆ ಅದರ ಮೇಲೆ ನಿಂತು ಒಂದು ಸುತ್ತು ಬರುವುದರೊಳಗೆ ಯಂತ್ರ ಹಾಲು ಕರೆದು ಮುಗಿಸುತ್ತಿತ್ತು. ಅಮೆರಿಕದ ಜಾಹೀರಾತುಗಳಲ್ಲಿ ಮನೆಮಾತಾಗಿದ್ದ 'ಎಲ್ಸಿ' ಎಂಬ ಹಸು ಇದೇ ಡೇರಿಯದು. 1941ರಲ್ಲಿ ಲಾರಿ ಅಪಘಾತದಲ್ಲಿ ಗಾಯಗೊಂಡು ಸತ್ತ ಅದರ ನೆನಪಿಗೆ ಅಲ್ಲಿ ಕಲ್ಲು ನೆಟ್ಟಿದ್ದಾರೆ. ಪಕ್ಕದ ವೆಸ್ಟ್ ವಿಂಡ್ಸರಿನ ಗ್ರೋವರ್ಸ್ ಮಿಲ್ ಎಂಬ ಜಾಗದ ಕಥೆ ಇನ್ನೂ ತಮಾಷೆ. 1938ರ ಅಕ್ಟೋಬರ್ 30ರ ರಾತ್ರಿ ಆರ್ಸನ್ ವೆಲ್ಸ್ ರೇಡಿಯೋ ನಾಟಕ ಆಡಿಸಿದಾಗ, ಮಂಗಳ ಗ್ರಹದವರು ಬಂದಿಳಿದದ್ದು ಈ ಗ್ರೋವರ್ಸ್ ಮಿಲ್ಲಿನಲ್ಲೇ! ನಾಟಕವೆಂದು ತಿಳಿಯದೆ ಗಾಬರಿಬಿದ್ದ ಕೇಳುಗರೂ ಇದ್ದರು.

ಮಂಗಳದವರು ಬರಲಿಲ್ಲ, ಬಂದವರು ಎಂಜಿನಿಯರುಗಳು. ಆರ್‌ಸಿಎ ಕಂಪನಿಯ ಸಂಶೋಧನಾಲಯ 1942ರಿಂದ ವೆಸ್ಟ್ ವಿಂಡ್ಸರಿನಲ್ಲಿತ್ತು. ಬಣ್ಣದ ಟಿ.ವಿ.ಯ ಬಹುಪಾಲು ಕೆಲಸ ನಡೆದದ್ದು ಅಲ್ಲಿ. ಆಮೇಲೆ ಒಂದನೇ ನಂಬರ್ ಹೆದ್ದಾರಿಯ ಉದ್ದಕ್ಕೂ ಔಷಧ ಕಂಪನಿ, ಟೆಲಿಫೋನ್ ಕಂಪನಿ, ಬ್ಯಾಂಕು, ಕಂಪ್ಯೂಟರ್ ಕಚೇರಿ ಸಾಲುಗಟ್ಟಿದವು. ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ರೈಲು ಹತ್ತಿದರೆ ನೇರ ನ್ಯೂಯಾರ್ಕ್. ಡೇರಿ 1971ರಲ್ಲಿ ಮುಚ್ಚಿತು. ಎರಡು ವರ್ಷ ಕಳೆದು 1973ರಲ್ಲಿ ಹೈಸ್ಕೂಲು ಬಾಗಿಲು ತೆರೆಯಿತು. ಊರು ಯಾವ ಕಡೆ ಹೊರಳಿತು ಎಂಬುದಕ್ಕೆ ಇಷ್ಟು ಸಾಕು. ಮಕ್ಕಳು ಹಿಡಿಸದಷ್ಟಾದಾಗ 1997ರಲ್ಲಿ ಪ್ಲೇನ್ಸ್‌ಬರೊದಲ್ಲಿ ಎರಡನೆಯದನ್ನು ಕಟ್ಟಿದರು. ಹಳೆಯದಕ್ಕೆ 'ಸೌತ್', ಹೊಸದಕ್ಕೆ 'ನಾರ್ತ್' ಎಂದು ಹೆಸರು. ಒಂದೊಂದರಲ್ಲೂ ಸಾವಿರದೈನೂರು ಆಸುಪಾಸು ಮಕ್ಕಳು. ಪ್ರಾಥಮಿಕ, ಮಾಧ್ಯಮಿಕ ಶಾಲೆಗಳನ್ನೂ ಸೇರಿಸಿದರೆ 2015ರಲ್ಲಿ ಒಟ್ಟು 9,700 ಮಕ್ಕಳು.

ಫೀಸಿಲ್ಲ, ಆದರೆ ಪುಕ್ಕಟೆಯಲ್ಲ

ಐದರಿಂದ ಹದಿನೆಂಟು ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಾಲೆ ಒದಗಿಸಬೇಕು ಎಂದು ನ್ಯೂಜೆರ್ಸಿ ರಾಜ್ಯದ ಸಂವಿಧಾನದಲ್ಲಿ 1875ರಲ್ಲೇ ಬರೆದಿಟ್ಟಿದ್ದಾರೆ. ಡೊನೇಶನ್ನು, ಕ್ಯಾಪಿಟೇಶನ್ನು ಯಾವುದೂ ಇಲ್ಲ. ಹೈಸ್ಕೂಲು ಮನೆಯಿಂದ ಎರಡೂವರೆ ಮೈಲಿಗಿಂತ, ಅಂದರೆ ನಾಲ್ಕು ಕಿಲೋಮೀಟರಿಗಿಂತ ದೂರವಿದ್ದರೆ ಬಸ್ಸಿನ ವ್ಯವಸ್ಥೆಯೂ ಊರಿನದೇ ಎಂದು ಕಾನೂನಿದೆ.

ಹಾಗಾದರೆ ದುಡ್ಡು ಎಲ್ಲಿಂದ ಬರುತ್ತದೆ? ಮನೆ ಕಂದಾಯದಿಂದ. ಅಮೆರಿಕದಲ್ಲೇ ಅತಿ ಹೆಚ್ಚು ಮನೆ ಕಂದಾಯ ಇರುವುದು ನ್ಯೂಜೆರ್ಸಿಯಲ್ಲಿ. 2024ರಲ್ಲಿ ಆ ರಾಜ್ಯದ ಸರಾಸರಿ ಮನೆಯೊಂದರ ಕಂದಾಯ ವರ್ಷಕ್ಕೆ 10 ಸಾವಿರ ಡಾಲರು ದಾಟಿತು. ಅದರಲ್ಲಿ ಸುಮಾರು ಅರ್ಧ ಹೋಗುವುದು ಶಾಲೆಗೆ. ಮಕ್ಕಳಿಲ್ಲದ ಮುದುಕರೂ ಕಟ್ಟಲೇಬೇಕು. ಶಾಲೆಗೆ ಒಳ್ಳೆಯ ಹೆಸರು ಬಂದರೆ ಮನೆಯ ಬೆಲೆ ಏರುತ್ತದೆ. ಬೆಲೆ ಏರಿದ ಮನೆಯ ಕಂದಾಯದಿಂದ ಶಾಲೆ ಇನ್ನಷ್ಟು ಬೆಳೆಯುತ್ತದೆ. ಬಡವರಿಗೆ ಆ ಊರಿನಲ್ಲಿ ಬಾಡಿಗೆ ಮನೆ ಹಿಡಿಯುವುದೂ ಕಷ್ಟವಾಗುತ್ತದೆ. ಹೆಸರಿಗೆ ಎಲ್ಲರ ಶಾಲೆ. ಆದರೆ ಆ ಊರಿನಲ್ಲಿ ಸೂರು ಇದ್ದವರ ಮಕ್ಕಳಿಗೆ ಮಾತ್ರ.

ಇಷ್ಟಾದರೂ ಒಂದು ಸಂಗತಿಗೆ ತಲೆದೂಗಲೇಬೇಕು. ಶಾಲೆಗಳನ್ನು ನಡೆಸುವುದು ಚುನಾವಣೆಯಲ್ಲಿ ಗೆದ್ದ ಒಂಬತ್ತು ಮಂದಿಯ ಮಂಡಳಿ. ಅವರಿಗೆ ಒಂದು ಡಾಲರು ಸಂಬಳವಿಲ್ಲ. ಸೂಪರಿಂಟೆಂಡೆಂಟ್ ಎಂಬ ಮುಖ್ಯಾಧಿಕಾರಿ, ನಮ್ಮ ಡಿಡಿಪಿಐ ಇದ್ದ ಹಾಗೆ ಎನ್ನಿ, ಅವರನ್ನು ನೇಮಿಸುವುದೂ ಈ ಮಂಡಳಿಯೇ. ಸಭೆಗೆ ಯಾರು ಬೇಕಾದರೂ ಹೋಗಿ ಮೈಕಿನ ಮುಂದೆ ನಿಂತು ಬಸ್ಸು ತಡ, ಗಣಿತದ ಪುಸ್ತಕ ಸರಿಯಿಲ್ಲ, ಕ್ಯಾಂಟೀನಿನ ಊಟ ರುಚಿಯಿಲ್ಲ ಎಂದು ದೂರಬಹುದು. ಡಾಕ್ಟರು, ವಿಜ್ಞಾನಿ, ಬ್ಯಾಂಕಿನ ದೊಡ್ಡ ಅಧಿಕಾರಿ, ಎಲ್ಲರ ಮಕ್ಕಳೂ ಅದೇ ಶಾಲೆಯಲ್ಲಿ ಓದುವುದರಿಂದ ಮೈಕಿನ ಮುಂದೆ ಸಾಲು ಇದ್ದೇ ಇರುತ್ತದೆ. ನಮ್ಮಲ್ಲಿ ಮಾತಾಡಬಲ್ಲವರೆಲ್ಲ ಮಕ್ಕಳನ್ನು ಖಾಸಗಿ ಶಾಲೆಗೆ ಎತ್ತಿಕೊಂಡು ಹೋದರು. ಸರ್ಕಾರಿ ಶಾಲೆಯ ಸೋರುವ ಹೆಂಚಿನ ಬಗ್ಗೆ ದನಿ ಎತ್ತಬೇಕಾದವರು ಮಧ್ಯಾಹ್ನ ಕೂಲಿ ಬಿಟ್ಟು ಬರಲಾಗದವರು. ವ್ಯತ್ಯಾಸ ಇಲ್ಲಿದೆ.

ಹಳದಿ ಬಸ್ಸಿನಿಂದ ಹಾಸಿಗೆಯವರೆಗೆ

ಅಲ್ಲಿ ಹೈಸ್ಕೂಲು ಎಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿ, ನಾಲ್ಕು ವರ್ಷ. ನಮ್ಮ ಹೈಸ್ಕೂಲಿನ ಕೊನೆಯ ಎರಡು ವರ್ಷಕ್ಕೆ ಪಿಯುಸಿ ಎರಡು ವರ್ಷ ಸೇರಿಸಿದ ಹಾಗೆ. ಯೂನಿಫಾರಂ ಇಲ್ಲ. ಮಕ್ಕಳಿಗೆ ಗೋಡೆಯಲ್ಲಿ ಒಂದೊಂದು ಬೀಗದ ಕಪಾಟು. ಮೇಷ್ಟ್ರು ತಮ್ಮ ಕೋಣೆಯಲ್ಲೇ ಇರುತ್ತಾರೆ. ಬೆಲ್ಲು ಹೊಡೆದಾಗ ಕೋಣೆಯಿಂದ ಕೋಣೆಗೆ ಓಡುವವರು ಮಕ್ಕಳು. ಸೆಕ್ಷನ್ 'ಎ', ಸೆಕ್ಷನ್ 'ಬಿ' ಎಂಬ ಭೇದ ಇಲ್ಲದ್ದರಿಂದ ಗಣಿತಕ್ಕೆ ಒಂದು ಗುಂಪು, ಚರಿತ್ರೆಗೆ ಇನ್ನೊಂದು ಗುಂಪು. ಇಡೀ ಮಧ್ಯಾಹ್ನ ಚಿತ್ರಕಲೆ, ಮರಗೆಲಸ, ನಾಟಕ, ಪತ್ರಿಕೆ ನಡೆಸುವುದು ಎಂದು ಕಳೆಯುವ ಹುಡುಗರೂ ಇರುತ್ತಾರೆ. ಬ್ಯಾಂಡು ಎಂದರೆ ಸಾಮಾನ್ಯವಲ್ಲ. ಮೈದಾನದ ಮೇಲೆ ಸಾಲು ಕಟ್ಟಿ ನಡೆಯುತ್ತಲೇ ನುಡಿಸುವ ದೊಡ್ಡ ದಂಡು. ಮಳೆಗಾಲ ಕಳೆದ ಮೇಲೆ ನಮ್ಮಲ್ಲಿ ದಸರಾ ಬರುವ ಹೊತ್ತಿಗೆ ಅಲ್ಲಿ 'ಹೋಂಕಮಿಂಗ್' ಎಂಬ ಹಬ್ಬ, ಓದು ಮುಗಿಯುವ ಬೇಸಗೆಯ ಬಾಗಿಲಲ್ಲಿ 'ಪ್ರಾಮ್' ಎಂಬ ನೃತ್ಯಕೂಟ. ಮಗಳು 'ಪ್ರಾಮ್'ಗೆ ಯಾರ ಜೊತೆ ಹೋಗುತ್ತಾಳೆ ಎಂಬ ವಿಚಾರಕ್ಕೆ ಮನೆಯಲ್ಲಿ ಮಾತು ನಿಂತುಹೋಗುವುದು ಬರೀ ಸಿನಿಮಾದ ಕಥೆಯಲ್ಲ. ಹದಿನೇಳು ತುಂಬಿದರೆ ಕಾರು ಓಡಿಸುವ ಲೈಸೆನ್ಸು.

ಇಷ್ಟೆಲ್ಲ ಇರುವಾಗ ಕಷ್ಟವೇನು ಎಂದು ಕೇಳಬಹುದು. ಅಲ್ಲಿ ಎಸ್ಸೆಸ್ಸೆಲ್ಸಿ ಇಲ್ಲ, ಸಿಇಟಿ ಇಲ್ಲ ಎಂದರೆ ನಮ್ಮ ಮಕ್ಕಳು ಹಬ್ಬ ಮಾಡಿಯಾರು. ಆದರೆ ಅಲ್ಲಿಯ ಮಕ್ಕಳ ಪಾಡು ಬೇರೆ. ನಮ್ಮಲ್ಲಿ ಮಾರ್ಚಿಯಲ್ಲಿ ಒಂದು ಸಲ ಬೆವರಿದರೆ ಆಯಿತು. ಅಲ್ಲಿ ನಾಲ್ಕು ವರ್ಷದ ಪ್ರತಿ ವಾರದ ಕಿರುಪರೀಕ್ಷೆ, ಪ್ರತಿ ಹೋಂವರ್ಕು, ಪ್ರತಿ ಪ್ರಬಂಧ ಕೂಡಿ 'ಜಿಪಿಎ' ಎಂಬ ಒಂದು ಅಂಕಿ ಆಗುತ್ತದೆ. ಇವತ್ತಿನ ಸಣ್ಣ ಪರೀಕ್ಷೆಯಲ್ಲಿ ಎಡವಿದ್ದು ಮೂರು ವರ್ಷದ ಆಮೇಲೂ ಲೆಕ್ಕದಲ್ಲಿರುತ್ತದೆ. ಮೇಲೆ ಕಾಲೇಜು ಮಟ್ಟದ 'ಎಪಿ' ಪಾಠಗಳು. ಅವುಗಳ ಪರೀಕ್ಷೆ ಮೇ ತಿಂಗಳಲ್ಲಿ, ಐದಕ್ಕೆ ಐದು ಬರಬೇಕು. ಆಮೇಲೆ 1,600 ಅಂಕದ 'ಸ್ಯಾಟ್'. ಹೋಗಲಿ, ಅಂಕ ಬಂದರೆ ಮುಗಿಯಿತೇ? ಇಲ್ಲ. ಬಹಳಷ್ಟು ಕಾಲೇಜುಗಳು ಒಪ್ಪುವ 'ಕಾಮನ್ ಅಪ್ಲಿಕೇಶನ್' ಎಂಬ ಅರ್ಜಿಯಲ್ಲಿ ಪಾಠದಾಚೆಯ ಚಟುವಟಿಕೆ ಬರೆಯಲು ಹತ್ತು ಸಾಲು ಖಾಲಿ ಬಿಟ್ಟಿರುತ್ತಾರೆ. ಜೊತೆಗೆ 650 ಪದ ಮೀರದ ಆತ್ಮಕಥೆ ಬೇರೆ. ಆ ಹತ್ತು ಸಾಲು ತುಂಬಿಸಲು ಪಿಟೀಲು, ಈಜು, ಚರ್ಚಾಕೂಟ, ರೋಬೋ ಕಟ್ಟುವುದು, ಆಸ್ಪತ್ರೆಯಲ್ಲಿ ಸೇವೆ, ಭರತನಾಟ್ಯ. ಹದಿನಾರರ ಹುಡುಗನಿಗೆ ಆತ್ಮಕಥೆ ಬರೆಯುವಷ್ಟು ಬದುಕು ಎಲ್ಲಿಂದ ಬರಬೇಕು?

ಇದನ್ನೆಲ್ಲ ಮುಗಿಸಿ ಮಲಗುವಾಗ ನಡುರಾತ್ರಿ. ಬಸ್ಸು ಬರುವುದು ಕೋಳಿ ಕೂಗುವ ಹೊತ್ತಿಗೆ. ಈ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎಂದು ಅಲ್ಲಿಯ ನಿದ್ರಾ ವೈದ್ಯರ ಸಂಸ್ಥೆ 2016ರಲ್ಲಿ ಹೇಳಿತು. ಹದಿಹರೆಯದಲ್ಲಿ ನಿದ್ದೆ ಬರುವ ಹೊತ್ತೇ ಸಹಜವಾಗಿ ತಡವಾಗುತ್ತದೆ. ಆದ್ದರಿಂದ ಹೈಸ್ಕೂಲು ಎಂಟೂವರೆಗೆ ಮುಂಚೆ ಶುರುವಾಗಬಾರದು ಎಂದು ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಸಲಹೆ ಕೊಟ್ಟಿತ್ತು. ಕ್ಯಾಲಿಫೋರ್ನಿಯಾ ರಾಜ್ಯ ಅದನ್ನು ಕಾನೂನು ಮಾಡಿ 2022ರಿಂದ ಜಾರಿಗೆ ತಂದಿತು.

ಸಿಇಟಿ ದಾಟಿ ಹೋದವರು

ಈ ಶಾಲೆಗಳಲ್ಲಿ 2007ರಲ್ಲಿ ನೂರಕ್ಕೆ 44 ಮಕ್ಕಳು ಏಷ್ಯಾ ಮೂಲದವರಿದ್ದರು. 2015ರ ಹೊತ್ತಿಗೆ ಅದು 65 ಆಯಿತು. ಕನ್ನಡಿಗರೂ ನ್ಯೂಜೆರ್ಸಿಗೆ ಹೊಸಬರಲ್ಲ. ಅಲ್ಲಿಯ 'ಬೃಂದಾವನ' ಕನ್ನಡ ಸಂಘ ಹಳೆಯದು; 2010ರ ಅಕ್ಕ ಸಮ್ಮೇಳನ ನಡೆದದ್ದು ಅದೇ ರಾಜ್ಯದ ಎಡಿಸನ್ನಿನಲ್ಲಿ.

ಇಲ್ಲಿಂದ ಹೋದ ಆ ಅಪ್ಪ ಅಮ್ಮಂದಿರು ಯಾರು? ಕರ್ನಾಟಕದಲ್ಲಿ ಸಿಇಟಿ ಶುರುವಾದದ್ದು 1994ರಲ್ಲಿ. ಮೇಷ್ಟ್ರ ಮಗ, ಗುಮಾಸ್ತರ ಮಗಳು ಕೈಯಲ್ಲಿ ದುಡ್ಡಿಲ್ಲದಿದ್ದರೂ ರ್‍ಯಾಂಕಿನ ಬಲದಲ್ಲಿ ಎಂಜಿನಿಯರಿಂಗ್ ಸೇರಬಹುದಾಯಿತು. ಅಂಕವೇ ಅವರ ಆಸ್ತಿ. ಅಂಕದ ಏಣಿ ಹತ್ತಿಯೇ ಅವರು ವಿಮಾನದವರೆಗೆ ಹೋದದ್ದು. ಮಕ್ಕಳಿಗೂ ಅದೇ ಏಣಿ ಹಾಕಿಕೊಡುತ್ತಾರೆ; ಬೇರೆ ಏಣಿ ಅವರು ಕಂಡಿಲ್ಲ. ಸಮಾಜಶಾಸ್ತ್ರಜ್ಞೆಯರಾದ ಜೆನ್ನಿಫರ್ ಲೀ ಮತ್ತು ಮಿನ್ ಝೌ 2015ರಲ್ಲಿ ಏಷ್ಯಾ ಮೂಲದ ಅಮೆರಿಕನ್ನರ ಓದಿನ ಬಗ್ಗೆ ಒಂದು ಪುಸ್ತಕ ತಂದರು. ವಲಸೆ ಬಂದ ಈ ತಲೆಮಾರಿನಲ್ಲಿ ಬಹಳ ಮಂದಿ ಓದಿ ಆಯ್ಕೆಯಾಗಿಯೇ ಬಂದವರು, ಅದರಿಂದಲೇ 'ಯಶಸ್ಸು' ಎಂಬುದಕ್ಕೆ ಅವರ ಅಳತೆ ತೀರಾ ಕಿರಿದಾಯಿತು ಎಂಬುದು ಅದರ ವಾದ. 'ಎ' ಬಂದರೆ ಸರಿ, 'ಬಿ' ಬಂದರೆ ಮನೆಯಲ್ಲಿ ಸೂತಕ!

ಇನ್ನೊಂದು ಹೆದರಿಕೆ ಇದೆ; ಅದನ್ನು ಫೋನಿನಲ್ಲಿ ಯಾರೂ ಹೇಳಿಕೊಳ್ಳುವುದಿಲ್ಲ. ಅಪ್ಪನಿಗೆ ಎಚ್-1ಬಿ ವೀಸಾ ಇದ್ದರೆ ಮಗುವಿಗೆ ಎಚ್-4. ಹಸಿರು ಕಾರ್ಡಿಗೆ ಒಂದು ದೇಶದವರಿಗೆ ನೂರಕ್ಕೆ ಏಳರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಟ್ಟಲೆ ಉದ್ದ. ಎರಡು ವರ್ಷದ ಕೂಸಾಗಿದ್ದಾಗ ಹೋದ ಮಗುವಾದರೂ ಸರಿ, ಇಪ್ಪತ್ತೊಂದು ತುಂಬಿದ ದಿನ ಅಪ್ಪನ ವೀಸಾದ ನೆರಳು ತಪ್ಪುತ್ತದೆ. ಬೇರೆ ವೀಸಾ ಹುಡುಕಬೇಕು, ಇಲ್ಲ ದೇಶ ಬಿಡಬೇಕು. ಗೆಳೆಯರೆಲ್ಲ ಬೇಸಗೆಯಲ್ಲಿ ಪಿಜ್ಜಾ ಅಂಗಡಿಯಲ್ಲಿ ದುಡಿದು ಕೈಖರ್ಚು ಮಾಡಿಕೊಂಡರೆ ಎಚ್-4 ಮಗು ಹಾಗೆ ದುಡಿಯುವಂತಿಲ್ಲ. ಕಾಲೇಜಿಗೆ ಕೇಂದ್ರ ಸರ್ಕಾರದ ನೆರವೂ ಇಲ್ಲ. ಮಕ್ಕಳ ಓದಿನ ಬಗ್ಗೆ ಆ ಮನೆಗಳಲ್ಲಿ ಗಾಬರಿ ಯಾಕೆ ಎಂದು ಕೇಳುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹದಿನಾರು ಪುಟದ ಪತ್ರ

2015ರ ಅಕ್ಟೋಬರಿನಲ್ಲಿ ಸೂಪರಿಂಟೆಂಡೆಂಟ್ ಡೇವಿಡ್ ಅಡರ್‌ಹೋಲ್ಡ್ ಹೆತ್ತವರಿಗೆಲ್ಲ ಒಂದು ಪತ್ರ ಬರೆದರು. ಒಂದೆರಡು ಪುಟವಲ್ಲ, ಹದಿನಾರು ಪುಟ. ಮುಚ್ಚಿಟ್ಟರೆ ಶಾಲೆಯ ಹೆಸರು ಉಳಿಯುತ್ತಿದ್ದ ಸಂಗತಿಗಳನ್ನು ಅವರೇ ಬಿಚ್ಚಿಟ್ಟರು. ಹಿಂದಿನ ಶಾಲಾ ವರ್ಷದಲ್ಲಿ ಮಾಧ್ಯಮಿಕ ಮತ್ತು ಹೈಸ್ಕೂಲಿನ 120 ಮಕ್ಕಳನ್ನು ಮಾನಸಿಕ ಆರೋಗ್ಯದ ತಪಾಸಣೆಗೆ ಕಳಿಸಬೇಕಾಯಿತು. 40 ಮಕ್ಕಳು ಆಸ್ಪತ್ರೆಗೆ ದಾಖಲಾದರು. ಮಕ್ಕಳನ್ನೇ ಕೇಳಿ ಬರೆಸಿದಾಗ, ಶಾಲೆಗೆ ಬರುವುದೆಂದರೆ ತಮಗೆ ಅಸಹ್ಯ ಎಂದು ಬರೆದವರಿದ್ದರು. ಹನ್ನೆರಡು ವರ್ಷ ಇಲ್ಲಿ ಕಲಿತದ್ದು ಒಂದೇ, ಅಂಕಕ್ಕಿಂತ ಮಿಗಿಲಾದದ್ದು ಯಾವುದೂ ಇಲ್ಲ ಎಂಬ ಅರ್ಥದ ಮಾತು ಬರೆದವರೂ ಇದ್ದರು.

ದೇಶದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಎಂಬ ಇಂಥದೇ ಸಿರಿವಂತ ಊರಿನಲ್ಲಿ, 2009-10ರಲ್ಲಿ ಒಮ್ಮೆ, 2014-15ರಲ್ಲಿ ಮತ್ತೊಮ್ಮೆ ಹೈಸ್ಕೂಲು ಮಕ್ಕಳು ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡಿದ್ದರು. ಆ ಸುದ್ದಿ ಎಲ್ಲ ಊರಿನ ಮೇಷ್ಟ್ರುಗಳ ನಿದ್ದೆ ಕೆಡಿಸಿದ್ದ ಕಾಲ ಅದು. ಮಕ್ಕಳ ಕೂಗು ಕೇಳಿಸಿಕೊಳ್ಳದೆ ಕೂರುವಂತಿರಲಿಲ್ಲ.

ಅಡರ್‌ಹೋಲ್ಡ್ ಮಾಡಿದ್ದೇನು? ಹೈಸ್ಕೂಲಿನಲ್ಲಿ ಅರ್ಧವಾರ್ಷಿಕ, ವಾರ್ಷಿಕ ಪರೀಕ್ಷೆಗಳನ್ನು ಕೈಬಿಟ್ಟರು. ವರ್ಷದ ಕೆಲವು ರಾತ್ರಿ ಹೋಂವರ್ಕು ಕೊಡಲೇಕೂಡದು ಎಂದು ಗೊತ್ತುಮಾಡಿದರು. ನಾಲ್ಕು, ಐದನೆಯ ತರಗತಿಯ ಪುಟ್ಟ ಮಕ್ಕಳನ್ನು ಸೋಸಿ ಮುಂದಿನ ವರ್ಷದ ಗಣಿತ ಕಲಿಸುವ ವಿಶೇಷ ವರ್ಗವನ್ನು ನಿಲ್ಲಿಸಿ ಅದನ್ನು ಆರನೆಯ ತರಗತಿಗೆ ಮುಂದೂಡಲು ಹೊರಟರು. ಸಂಗೀತಕ್ಕೆ ಒಂದು ಚೆಂದದ ನಿಯಮ ತಂದರು. ಅದರ ಹೆಸರನ್ನು ಕನ್ನಡದಲ್ಲಿ 'ಅಪಸ್ವರದ ಹಕ್ಕು' ಎನ್ನಬಹುದು. ಪಿಟೀಲು ಕೀರಲಿ, ಕೊಳಲು ಊಳಿಡಲಿ, ನುಡಿಸಬೇಕೆಂದು ಆಸೆಪಟ್ಟ ಮಗುವಿಗೆ ಶಾಲೆಯ ವಾದ್ಯಗೋಷ್ಠಿಯಲ್ಲಿ ಜಾಗವಿದೆ. ಮನೆಮೇಷ್ಟ್ರನ್ನು ಇಟ್ಟು ಮೊದಲೇ ಪಳಗಿಸಿ ತಂದ ಮಕ್ಕಳಿಗಷ್ಟೇ ಅಲ್ಲ.

ಊರು ಎರಡಾಯಿತು

ಪತ್ರ ಹೊರಬಿದ್ದ ಮೇಲೆ ಊರು ಎರಡಾಯಿತು. ಒಂದು ಕಡೆಯವರು "ಅಬ್ಬ, ಸದ್ಯ ಯಾರೋ ಒಬ್ಬರು ಬಾಯಿಬಿಟ್ಟರಲ್ಲ" ಎಂದು ಉಸಿರುಬಿಟ್ಟರು. ಇನ್ನೊಂದು ಕಡೆಯವರು "ಮಕ್ಕಳನ್ನು ದಡ್ಡರಾಗಿಸುವ ಹುನ್ನಾರ" ಎಂದರು. ಬಿಳಿಯರು ಹೆಚ್ಚಾಗಿ ಆ ಕಡೆ, ಏಷ್ಯಾದವರು ಹೆಚ್ಚಾಗಿ ಈ ಕಡೆ ಎಂದು ನ್ಯೂಯಾರ್ಕಿನ ಪತ್ರಿಕೆ ಆ ವರ್ಷದ ಡಿಸೆಂಬರಿನಲ್ಲಿ ಬರೆದಾಗ ಇಡೀ ದೇಶದಲ್ಲಿ ಚರ್ಚೆಯಾಯಿತು. ವಿಶೇಷ ಗಣಿತ ವರ್ಗದಲ್ಲಿದ್ದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತು ಏಷ್ಯಾ ಮೂಲದವರು ಎಂಬುದೂ ಹೊರಬಂತು. ಹೀಗಾಗಿ "ನಮ್ಮ ಮಕ್ಕಳು ಮುಂದೆ ಬಂದದ್ದೇ ತಪ್ಪಾಯಿತಾ?" ಎಂಬ ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ.

ಆ ಸಿಟ್ಟನ್ನು ಬರೀ ದುರಾಸೆ ಎಂದು ತಳ್ಳಿಹಾಕುವುದು ಸುಲಭ, ಸರಿಯಲ್ಲ. ಮೂರು ತಲೆಮಾರಿನಿಂದ ಅಲ್ಲೇ ಬೇರೂರಿದವನಿಗೆ ಚಿಕ್ಕಪ್ಪನ ಕಂಪನಿ ಇದೆ, ತಾತ ಓದಿದ ಕಾಲೇಜಿನ ನಂಟಿದೆ. ಮಗ 'ಬಿ' ತೆಗೆದರೂ ಎಲ್ಲೋ ಒಂದು ಕಡೆ ಕೂರುತ್ತಾನೆ. ಮೊನ್ನೆ ಮೊನ್ನೆ ಎರಡು ಸೂಟ್‌ಕೇಸು ಹಿಡಿದು ಇಳಿದವನಿಗೆ ಹೇಳಿಕೊಳ್ಳಲು ಯಾರಿದ್ದಾರೆ? ಅಂಕಪಟ್ಟಿ ಒಂದೇ. ದೊಡ್ಡ ಕಾಲೇಜುಗಳು ಏಷ್ಯಾ ಮೂಲದ ಮಕ್ಕಳಿಗೆ ಗುಟ್ಟಾಗಿ ಅಡ್ಡಗಾಲು ಹಾಕುತ್ತವೆ ಎಂಬ ಅನುಮಾನವೂ ಜೊತೆಗಿತ್ತು. ಹಾರ್ವರ್ಡಿನ ವಿರುದ್ಧ 2014ರಲ್ಲಿ ಹೂಡಿದ ಆ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪ್ರವೇಶದಲ್ಲಿ ಜನಾಂಗವನ್ನು ಎಣಿಸಕೂಡದು ಎಂದು 2023ರ ಜೂನಿನಲ್ಲಿ ತೀರ್ಪು ಬಂತು.

ಆದರೆ ಲೆಕ್ಕವನ್ನೂ ನೋಡಬೇಕಲ್ಲ? ಹಾರ್ವರ್ಡಿಗೆ 2022ರಲ್ಲಿ ಅರ್ಜಿ ಹಾಕಿದ ನೂರು ಮಂದಿಯಲ್ಲಿ ಸೀಟು ಸಿಕ್ಕಿದ್ದು ಮೂರು ಚಿಲ್ಲರೆ ಮಂದಿಗೆ. ಉಳಿದ ತೊಂಬತ್ತಾರು ಮಕ್ಕಳೂ ಅದೇ ಪಿಟೀಲು, ಅದೇ ರೋಬೋ, ಅದೇ ನಿದ್ದೆಗೇಡು ಅನುಭವಿಸಿದವರೇ. ಒಂದೇ ಊರಿನ ಸಾವಿರ ಮಕ್ಕಳನ್ನು ಒಂದೇ ಹತ್ತು ಕಾಲೇಜಿನ ಬಾಗಿಲಿಗೆ ಓಡಿಸಿದರೆ ಎದುರಾಳಿ ಯಾರು? ಪಕ್ಕದ ಮನೆಯ ಗೆಳೆಯ. ಹೊರೆ ಇಳಿಸಿದರೆ ಪಕ್ಕದ ಊರಿನ ಮಕ್ಕಳು ಮುಂದೆ ಹೋಗಿಬಿಡುತ್ತಾರೆ ಎಂಬ ಹೆದರಿಕೆಯೇ ಎಲ್ಲ ಊರುಗಳನ್ನೂ ಕಟ್ಟಿಹಾಕಿದೆ.

ಅರ್ಧ ಗಂಟೆ ದೂರದಲ್ಲಿ ರಟ್‌ಗರ್ಸ್ ಎಂಬ ರಾಜ್ಯದ್ದೇ ವಿಶ್ವವಿದ್ಯಾಲಯ ಇದೆ, 1766ರಲ್ಲಿ ಹುಟ್ಟಿದ್ದು. ರಾಜ್ಯದ ಮಕ್ಕಳಿಗೆ ಅಲ್ಲಿ ಫೀಸೂ ಕಡಿಮೆ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಅದರ ಪ್ರಯೋಗಶಾಲೆಯಲ್ಲಿ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ಕ್ಷಯ ಆಸ್ಪತ್ರೆಯನ್ನು ಕಂಡ ಹಿರಿಯರಿಗೆ ಆ ಮದ್ದಿನ ಬೆಲೆ ಗೊತ್ತು. ಅಂಥ ವಿಶ್ವವಿದ್ಯಾಲಯಕ್ಕೆ ಮಗ ಸೇರಿದನೆಂದು ಬಾಯಿ ಬಿಟ್ಟು ಹೇಳಲು ಸಂಕೋಚಪಡುವ ಮನೆಗಳಿವೆ ಎಂದರೆ ಕಾಯಿಲೆ ಮಕ್ಕಳದೋ, ದೊಡ್ಡವರದೋ?

ಚೆಂಡಾಟಕ್ಕೆ ಹುಡುಗರಿಲ್ಲ

ಎರಡು ವರ್ಷದ ಆಮೇಲೆ, 2017ರಲ್ಲಿ, ಅದೇ ಊರಿನಿಂದ ಇನ್ನೊಂದು ಸುದ್ದಿ ಬಂತು. ನಾರ್ತ್ ಹೈಸ್ಕೂಲು ತನ್ನ ಮುಖ್ಯ ಫುಟ್‌ಬಾಲ್ ತಂಡವನ್ನು ಕೈಬಿಟ್ಟಿತು. ಕಾರಣ ದುಡ್ಡಲ್ಲ, ಆಡುವ ಹುಡುಗರೇ ಸಾಲಲಿಲ್ಲ. ಅಮೆರಿಕದ ಊರಿನಲ್ಲಿ ಶುಕ್ರವಾರ ರಾತ್ರಿಯ ಫುಟ್‌ಬಾಲ್ ಎಂದರೆ ನಮ್ಮ ಊರ ಜಾತ್ರೆ ಇದ್ದ ಹಾಗೆ. ಇಡೀ ಊರು ಸೇರುವ ಜಾಗ ಅದು. ತಲೆಗೆ ಪೆಟ್ಟು ಬಿದ್ದು ಮುಂದೆ ಮಿದುಳಿಗೆ ತೊಂದರೆಯಾಗುತ್ತದೆ ಎಂಬ ತಿಳಿವಳಿಕೆಯಿಂದ ಬಹಳ ಕಡೆ ಹೆತ್ತವರು ಆ ಆಟಕ್ಕೆ ಕಳಿಸುವುದು ಕಡಿಮೆಯಾಗಿತ್ತು, ಅದು ಸರಿಯೇ. ಜೊತೆಗೆ ಊರಿನ ಜನವೂ ಬದಲಾಗಿತ್ತು. ಕ್ರಿಕೆಟ್ಟು, ಟೆನ್ನಿಸ್ಸು, ಚೆಸ್ಸು ಕಂಡು ಬೆಳೆದ ಅಪ್ಪಂದಿರಿಗೆ ಆ ಆಟದ ಮೋಹ ಇಲ್ಲ. ಹಳಬರಿಗೆ ಊರು ಕೈತಪ್ಪಿದ ಹಾಗೆ ಅನಿಸಿದರೆ ಅದನ್ನೂ ಅರ್ಥ ಮಾಡಿಕೊಳ್ಳಬೇಕು. ದೀಪಾವಳಿಗೆ ಶಾಲೆಗೆ ರಜೆ ಕೊಡುವ ಎಡಿಸನ್ನಿನಂಥ ಊರುಗಳೂ ಅದೇ ರಾಜ್ಯದಲ್ಲಿವೆ. ಒಬ್ಬರ ಹಬ್ಬ ಒಳಗೆ ಬರುವಾಗ ಇನ್ನೊಬ್ಬರ ಜಾತ್ರೆ ಬಡವಾಗದಂತೆ ನೋಡಿಕೊಳ್ಳುವುದು ಎಲ್ಲ ಊರಿಗೂ ಕಷ್ಟದ ಕೆಲಸವೇ.

ಇಲ್ಲಿಂದ ಮಾಡಬಹುದಾದ್ದು

ಮೈಸೂರಿನವರಿಗೆ ಈ ಕಥೆಯಿಂದ ಎರಡು ಪಾಠ. ಮೊದಲನೆಯದು, ಸರ್ಕಾರಿ ಶಾಲೆ ಎಂದರೆ ಕೈಲಾಗದವರ ಶಾಲೆ ಎಂಬ ಮಾತು ದೇವರು ಬರೆದದ್ದಲ್ಲ. ಊರಿನ ಉಳ್ಳವರು ತಮ್ಮ ಮಕ್ಕಳನ್ನೂ ಅಲ್ಲಿಗೇ ಕಳಿಸಿ, ಕಂದಾಯ ಕಟ್ಟಿ, ಸಭೆಗೆ ಹೋಗಿ ಗಲಾಟೆ ಮಾಡಿದರೆ ಆ ಶಾಲೆ ಖಾಸಗಿ ಶಾಲೆಯನ್ನು ಮೀರಿಸುತ್ತದೆ. ಎರಡನೆಯದು, ಅದೇ ಆಸೆಗೆ ಕಡಿವಾಣ ಇಲ್ಲದಿದ್ದರೆ ಎಷ್ಟು ಒಳ್ಳೆಯ ಶಾಲೆಯಾದರೂ ಮಕ್ಕಳಿಗೆ ಗಾಣವಾಗುತ್ತದೆ. ಹಾಸ್ಟೆಲಿನಲ್ಲಿ ಕೂಡಿಹಾಕಿ ಬೆಳಗಿನ ಜಾವ ಎಬ್ಬಿಸಿ ನೀಟ್, ಜೆಇಇ ಅರೆಯುವ ಪಿಯು ಕಾಲೇಜುಗಳಿಗೆ ಲಕ್ಷಗಟ್ಟಲೆ ಕಟ್ಟಿ ಬರುವ ಇಲ್ಲಿಯ ಹೆತ್ತವರು ನ್ಯೂಜೆರ್ಸಿಯವರನ್ನು ನೋಡಿ ನಗುವ ಹಾಗಿಲ್ಲ. ಇಲ್ಲಿ ಎಷ್ಟು ಮಕ್ಕಳು ಕುಗ್ಗಿದರು, ಎಷ್ಟು ಮಂದಿ ಆಸ್ಪತ್ರೆ ಸೇರಿದರು ಎಂದು ಹದಿನಾರು ಪುಟ ಬರೆದು ಮನೆಮನೆಗೆ ಕಳಿಸುವ ಕಾಲೇಜು ಯಾವುದಿದೆ?

ಇನ್ನು ಅಜ್ಜಿ ತಾತಂದಿರ ಪಾಲಿಗೆ ಒಂದು ಸಣ್ಣ ಕೆಲಸ. ಮೈಸೂರಿನಲ್ಲಿ ಬೆಳಗಿನ ಏಳು ಗಂಟೆ, ಕಾಫಿ ಕುಡಿದು ಫೋನು ಕೈಗೆತ್ತಿಕೊಳ್ಳುವ ಹೊತ್ತು. ನ್ಯೂಜೆರ್ಸಿಯಲ್ಲಿ ಆಗ ಹಿಂದಿನ ರಾತ್ರಿ, ಚಳಿಗಾಲವಾದರೆ ಎಂಟೂವರೆ, ಬೇಸಗೆಯಾದರೆ ಒಂಬತ್ತೂವರೆ. ಮಗು ಹೋಂವರ್ಕಿನಲ್ಲಿ ಮುಳುಗಿರುವ ಸಮಯ ಅದೇ. "ಎಷ್ಟು ಮಾರ್ಕ್ಸ್ ಬಂತು ಪುಟ್ಟಾ? ಪಕ್ಕದ ಮನೆ ಹುಡುಗಂಗೆ ಎಷ್ಟು ಬಂತು?" ಎಂಬ ಪ್ರಶ್ನೆ ಅದಕ್ಕೆ ದಿನಕ್ಕೆ ಹತ್ತು ಸಲ ಬೇರೆಯವರಿಂದ ಬಂದಿರುತ್ತದೆ. ಹನ್ನೊಂದನೆಯ ಸಲ ಅಜ್ಜಿ ಕೇಳಬೇಕಾಗಿಲ್ಲ. "ಊಟ ಆಯ್ತಾ? ಇವತ್ತು ಬೇಗ ಮಲಕ್ಕೋ ಕಂದ" ಎಂದರೆ ಸಾಕು. ಶಾಲಾ ಮಂಡಳಿಯ ಮೈಕಿನ ಮುಂದೆ ಆ ಮಾತು ಹೇಳುವವರು ಕಡಿಮೆ.